ಬೆನ್ನಿಗೆ ಹಿಟ್ಟು ಹಚ್ಚುತ್ತಿದ್ದ ಬಾಜೂಮನಿ ಅತ್ತಿ

ಕಡಲೆಹಿಟ್ಟಿಗೆ ಕುಸುಬೆ ಎಣ್ಣೆ ಬಿದ್ದಾಗ ಏಳುವ ಹಸಿ ವಾಸನೆ ಮತ್ತೆ ಮೂಗಿಗೆ ಬಡಿದದ್ದು ಹೋದ ತಿಂಗಳು, ಯಾದಗಿರಿಯಲ್ಲಿ, ಸೋದರಮಾವನ ಮಗಳ ಮದುವೆ ಮನೆಯಲ್ಲಿ. ಮದುಮಗಳ ಮೈಗೆ ಹಚ್ಚಲು ಹೆಂಗಸರು ಹಿಟ್ಟು ಕಲೆಸುತ್ತಿದ್ದರು. ಅಷ್ಟರಲ್ಲಿ ಒಬ್ಬಳು ನನ್ನತ್ತ ಕೈ ತೋರಿಸಿ ಹಳೆಯ ಕಥೆ ತೆಗೆದಳು: "ಶಹಾಪುರದಾಗ ಇವರ ಬಾಜೂಮನಿ ಅತ್ತಿ ಇದ್ದಳಲ್ಲ, ಹಿಟ್ಟು ಹಚ್ಚತೀನಂತ ಬಂದು ಇವರ ಅಕ್ಕನ ಮದಿವಿನ ಮುರದಳು. ಹ್ವಾದ ವರ್ಷ ಸುರಪುರದಾಗ ತೀರಿಕೊಂಡಳಂತ."

ಎಲ್ಲರೂ ತಲೆಯಾಡಿಸಿದರು. ಅಕ್ಕ ಮಾತ್ರ ಕಲೆಸುತ್ತಿದ್ದ ಬಟ್ಟಲಿನಿಂದ ಮುಖ ಎತ್ತಲಿಲ್ಲ.

ಈ ಕಥೆಯನ್ನು ನಾನು ಒಪ್ಪುವುದಿಲ್ಲ. ಒಪ್ಪದಿರಲು ನನಗೆ ಹಕ್ಕಿದೆಯೋ ಇಲ್ಲವೋ, ಅದು ಬೇರೆ ಮಾತು. ಯಾಕೆಂದರೆ ಇದನ್ನು ಮೊದಲು ಹೇಳಿದವಳೇ ನಾನು.

ಬಾಜೂಮನಿ ಅತ್ತಿ, ಅಂದರೆ ಪಕ್ಕದ ಮನೆಯಾಕೆ, ನಮಗೆ ರಕ್ತಸಂಬಂಧಿಯಲ್ಲ. ಆದರೆ ಓಣಿಯಲ್ಲಿ ಯಾರ ಮನೆಯ ಮದುವೆಯಿದ್ದರೂ ವಾರ ಮುಂಚೆಯೇ ಆಕೆಗೆ ಹೇಳಿ ಕಳಿಸುತ್ತಿದ್ದರು. ಕಡಲೆಹಿಟ್ಟು, ಅರಿಶಿನ, ಹಾಲಿನ ಕೆನೆ, ಕುಸುಬೆ ಎಣ್ಣೆ. ಜೊತೆಗೆ ಬೀಸುವ ಕಲ್ಲಿನಲ್ಲಿ ತಾನೇ ಒಡೆದ ಜೋಳದ ತರಿ. ಕಾಲುವೆ ಬಂದು ಸುತ್ತಲಿನ ಜೋಳದ ಹೊಲಗಳೆಲ್ಲ ಗದ್ದೆಯಾಗಿ, ಮಂದಿ ಅಕ್ಕಿಹಿಟ್ಟಿಗೆ ಒಗ್ಗಿಕೊಂಡ ಮೇಲೂ ಆಕೆ ತರಿ ಬಿಡಲಿಲ್ಲ. "ಅಕ್ಕಿಹಿಟ್ಟು ಮೈಮ್ಯಾಲೆ ಜಾರತದ. ಜ್ವಾಳ ಮೈ ಹಿಡಿದು ಕೇಳತದ" ಎನ್ನುತ್ತಿದ್ದಳು. ಹಚ್ಚಿದ್ದು ಅರೆ ಒಣಗಿದಾಗ ಅಂಗೈಯಿಂದ ಉಜ್ಜಿದರೆ ಕೊಳೆ ಸಮೇತ ಎಳೆಎಳೆಯಾಗಿ ಉದುರುತ್ತಿತ್ತು...

ನಾನಾಗ ಹತ್ತನೇ ತರಗತಿ. ಚರ್ಚಾಸ್ಪರ್ಧೆಯಲ್ಲಿ ತಾಲೂಕಿಗೆ ಮೊದಲು ಬಂದು ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

"ಅತ್ತಿ, ಇದನ್ನ ಹಚ್ಚಿದ್ರ ಬೆಳ್ಳಗಾಗ್ತಾರ ಅನ್ನೂದಕ್ಕ ಸಬೂತ್ ಏನದ?"

"ಬೆಳ್ಳಗ ಯಾರಿಗೆ ಆಗಬೇಕಾಗ್ಯಾದ, ವಕೀಲವ್ವ? ಹೊಲಸು ಹೋದ್ರ ಸಾಕು."

ಅಕ್ಕನ ಎಡ ಭುಜದ ಹಿಂದೆ ತೊನ್ನಿನ ಬಿಳಿ ಮಚ್ಚೆಯಿತ್ತು. ಮದುವೆ ಗೊತ್ತಾಗಿದ್ದ ವರ ಕಕ್ಕೇರಾದವನು. ಅವರ ಕಡೆಯವರಿಗೆ ಹೇಳುವುದು ಬೇಡ, ಮದುವೆಯಾದ ಮೇಲೆ ತಿಳಿದರೆ ತಿಳಿಯಲಿ ಎಂಬುದು ಅಪ್ಪನ ತೀರ್ಮಾನ. ಅಕ್ಕ ಹ್ಞೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಬಾಜೂಮನಿ ಅತ್ತಿಯ ತವರೂ ಕಕ್ಕೇರಾ. ಬೆನ್ನು ಉಜ್ಜುವವಳ ಕಣ್ಣಿಗೆ ಮಚ್ಚೆ ಬೀಳದೆ ಇದ್ದೀತೇ? "ಆಕಿನ್ನ ಕರೀಬ್ಯಾಡ" ಎಂದು ಅವ್ವನಿಗೆ ಹೇಳಿದೆ. ಕರೆಯದಿದ್ದರೆ ಓಣಿಗೆ ಅನುಮಾನ ಬರುತ್ತದೆಂದು ಅವ್ವ ಕರೆದಳು.

ಎರಡು ಮಧ್ಯಾಹ್ನ ಬಚ್ಚಲ ಬಾಗಿಲ ಹೊರಗೆ ಕಾವಲು ಕೂತೆ. ಮೊದಲ ದಿನ ಒಳಗೆ ಅಂಗೈ ಉಜ್ಜುವ ಸದ್ದು ನಡುವೆ ನಿಂತುಹೋಯಿತು. ಬಹಳ ಹೊತ್ತಿನ ಮೇಲೆ ಮತ್ತೆ ಶುರುವಾಯಿತು. ಎರಡನೆಯ ದಿನ ಬರೀ ಪಿಸುಮಾತು, ಒಂದಕ್ಷರ ಕೇಳಲಿಲ್ಲ. ಮೂರನೆಯ ದಿನ ಅತ್ತಿ ಬರಲಿಲ್ಲ, ತವರಿಗೆ ಹೋಗಿದ್ದಳು. ಐದನೆಯ ದಿನ ವರನ ಕಾಕಾ ಬಂದರು.

"ಒಂಬತ್ತನೇತ್ತ ಸಾಲ್ಯಾಗ ಇದ್ದಾಗಿಂದ ಹುಡಿಗಿಗೆ ಮಚ್ಚಿ ಅದಂತ, ಕಲಬುರಗಿಗೆ ಒಯ್ದು ತೋರಿಸೀರಂತ. ನಮಗ ಒಂದು ಮಾತು ಹೇಳಬೇಕಿಲ್ಲೇನ್ರಿ?"

ಚಹಾ ಮುಟ್ಟದೆ ಎದ್ದು ಹೋದರು. ಮದುವೆ ಅಲ್ಲಿಗೆ ಮುಗಿಯಿತು.

ಅಂದೇ ಸಂಜೆ ನಮ್ಮ ಅಂಗಳದಲ್ಲಿ, ಓಣಿಯ ಹೆಂಗಸರ ಮುಂದೆ, ಅತ್ತಿಯನ್ನು ನಿಲ್ಲಿಸಿಕೊಂಡು ಕೇಳಿದೆ. ಅಕ್ಕನ ಬೆನ್ನು ನೋಡಿದಾಕಿ ಯಾರು? ಕಕ್ಕೇರಾ ಯಾರ ತವರುಮನಿ? ಮೊನ್ನೆ ಅಲ್ಲಿಗೆ ಹೋಗಿದ್ದಾಕಿ ಯಾರು? ಅತ್ತಿ ನನ್ನನ್ನು ನೋಡಿದಳು. ನನ್ನ ಹಿಂದೆ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಅತ್ತಿ ಒಮ್ಮೆ ಆಕೆಯತ್ತ ನೋಡಿದಳು.

"ಹೌದವಾ. ನಾನೇ ಹೇಳೀನಿ."

ಅವ್ವ ಬಾಗಿಲು ಹಾಕಿಕೊಂಡಳು. ಆಮೇಲೆ ಯಾವ ಮದುವೆ ಮನೆಯವರೂ ಆಕೆಯನ್ನು ಕರೆಯಲಿಲ್ಲ. ಎರಡು ವರ್ಷದ ಮೇಲೆ ಮಗಳ ಮನೆಗೆಂದು ಸುರಪುರಕ್ಕೆ ಹೊರಟಾಗ, ಬೀಸುವ ಕಲ್ಲನ್ನು ಟಂಟಂ ಗಾಡಿಗೆ ಏರಿಸುವುದನ್ನು ಕಿಟಕಿಯಿಂದ ನೋಡಿದೆ. ಹೊರಗೆ ಹೋಗಲಿಲ್ಲ.

ಆಮೇಲೆ ಎಷ್ಟೋ ಚರ್ಚೆ ಮಾಡಿದ್ದೇನೆ. ಮೂರೇ ಪ್ರಶ್ನೆಗೆ ಸೋಲೊಪ್ಪಿಕೊಂಡ ಎದುರಾಳಿ ನನಗೆ ಇನ್ನೊಬ್ಬರು ಸಿಕ್ಕಿಲ್ಲ. ಅಷ್ಟು ಸಲೀಸಾಗಿ ಯಾಕೆ ಒಪ್ಪಿಕೊಂಡಳು? ಇನ್ನೊಂದು: ಬೆನ್ನು ನೋಡಿದವರಿಗೆ ಮಚ್ಚೆ ಕಾಣುತ್ತದೆ, ಒಂಬತ್ತನೇ ತರಗತಿ ಕಾಣುವುದಿಲ್ಲ. ಕಲಬುರಗಿಯ ಡಾಕ್ಟರ ವಿಷಯ ಗೊತ್ತಿದ್ದದ್ದು ಮನೆಯ ನಾಲ್ವರಿಗೇ. ಅಪ್ಪ ಹೇಳುವವನಲ್ಲ, ಅವ್ವ ಸತ್ತರೂ ಹೇಳುವವಳಲ್ಲ, ನಾನು ಹೇಳಿಲ್ಲ.

ಹಾಗಂತ ಅತ್ತಿಯದು ಏನೂ ತಪ್ಪಿಲ್ಲ ಅಂತಲೂ ಹೇಳಲಾರೆ. ಬೆನ್ನುಜ್ಜುತ್ತ ಅಕ್ಕನ ಬಾಯಿ ಬಿಡಿಸಿ, ತಾನಾಗಿಯೇ ಹೋಗಿ ಹೇಳಿರಲೂಬಹುದು. ಆಕೆಯನ್ನೇ ಕೇಳಿಬಿಡಬಹುದಿತ್ತು. ಶಹಾಪುರದಿಂದ ಸುರಪುರಕ್ಕೆ ಎಷ್ಟು ಮಹಾ ದೂರ... ಇನ್ನು ಕೇಳುವಂತಿಲ್ಲ.

ಅಕ್ಕ ಈಗ ಗೋಗಿಯಲ್ಲಿ ಶಾಲೆಯ ಟೀಚರು. ಮಚ್ಚೆ ಕತ್ತಿನವರೆಗೆ ಏರಿದೆ. ಸೆರಗು ಹೊದ್ದು ಮುಚ್ಚುವುದಿಲ್ಲ. ತನ್ನನ್ನು ಹೆಣ್ಣು ಕೇಳಲು ಬಂದವರಿಗೆ ಮೊದಲು ಕತ್ತು ತೋರಿಸಿ ಆಮೇಲೆ ಚಹಾ ಕೊಡುತ್ತಾಳೆ.

ಯಾದಗಿರಿಯಿಂದ ವಾಪಸ್ ಬರುವಾಗ ಶಹಾಪುರದಲ್ಲಿ ಆಕೆಯನ್ನು ಗೋಗಿಯ ಆಟೋ ಹತ್ತಿಸಿದೆ. ಆಟೋದವನು ಇನ್ನಿಬ್ಬರು ಪ್ರಯಾಣಿಕರಿಗಾಗಿ ಕೂಗುತ್ತಿದ್ದ. ನಾನು ಸರಳಿನ ಮೇಲೆ ಕೈಯಿಟ್ಟು ಬಗ್ಗಿ ಕೇಳಿದೆ:

"ಅಕ್ಕಾ, ಅತ್ತಿನ್ನ ಕಕ್ಕೇರಾಕ್ಕ ಕಳಿಸಿದಾಕಿ ನೀನೇ ಆಗಿದ್ರ, ಅವತ್ತು ಅಂಗಳದಾಗ ನಾ ಆಕಿಗೆ ಅಷ್ಟು ಅನ್ನಾಕತ್ತಾಗ ನೀ ಯಾಕ ಸುಮ್ಮ ನಿಂತಿದ್ದಿ?"