ಗೆಜ್ಜೆಪಟ್ಟಿಗೆ ಬೆದರುತ್ತಿದ್ದ ಕುದುರೆ

ಪುಟ್ಟಿ, ಚಿನ್ನು, ತಾತನ ಎಡಮಂಡಿ ಯಾಕೆ ಪೂರ್ತಿ ಮಡಚುವುದಿಲ್ಲ ಎಂದು ನೀವು ಕೇಳಿದಾಗಲೆಲ್ಲ ಅವರು ನಕ್ಕು ಮಾತು ಬದಲಿಸುತ್ತಿದ್ದರು. ಈಗ ಅವರಿಲ್ಲ. ಅಜ್ಜಿಯಾದ ನಾನು ಎದುರಿಗೆ ಕೂತು ಹೇಳಲು ಹೋದರೆ ನಡುವೆಯೇ ಎದ್ದು ಹೋಗಿಬಿಡುತ್ತೇನೆ. ಅದಕ್ಕೇ ಬರೆದಿದ್ದೇನೆ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿದ್ದ ಕಾಲದ ಮಾತು. ಗುಬ್ಬಿಯಲ್ಲಿ ನಮ್ಮದು ಜಟಕಾ ಗಾಡಿಯ ಮನೆ. ನಿಮ್ಮ ಮುತ್ತಾತ, ನನ್ನ ಮಾವ, ರೈಲ್ವೆ ಸ್ಟೇಷನ್ನಿಗೂ ಸಂತೆಗೂ ಗಾಡಿ ಹೊಡೆದು ಮನೆ ನಡೆಸಿದವರು. ಅವರ ಕಣ್ಣು ಮಂಜಾದ ಮೇಲೆ ಲಗಾಮು ತಾತನ ಕೈಗೆ ಬಂತು. ಅಷ್ಟರಲ್ಲಿ ಹಳೆಯ ಕುದುರೆ ಸತ್ತಿತು. ಕುಣಿಗಲ್ ಕಡೆಯ ದಲ್ಲಾಳಿಯೊಬ್ಬ ಒಂದು ಎಳೆಯ ಕುದುರೆ ತಂದು ಕಟ್ಟಿದ. ತಿಂಗಳ ಕೊನೆಯ ಸಂತೆಯೊಳಗೆ ಬಗ್ಗದಿದ್ದರೆ ವಾಪಸ್ ಕರೆದೊಯ್ಯುತ್ತೇನೆ ಎಂದು ಮಾತಾಯಿತು. ಹಾಗೇನಾದರೂ ಆದರೆ ಗಾಡಿಯನ್ನೂ ಮಾರಿ, ತಾತ ಲಾರಿಗೆ ಕ್ಲೀನರ್ ಆಗಿ ಹೋಗಬೇಕೆಂದು ಮಾವ ಹೇಳಿಬಿಟ್ಟಿದ್ದರು. ನಿಮ್ಮ ಅಪ್ಪ ಆಗಿನ್ನೂ ತೊಟ್ಟಿಲ ಕೂಸು. ಲಾರಿಗೆ ಹೋದವರು ಯಾವಾಗ ಮನೆಗೆ ಬರುತ್ತಾರೋ ಎಂದು ನಾನು ತೊಟ್ಟಿಲು ತೂಗುತ್ತಲೇ ಯೋಚಿಸುತ್ತಿದ್ದೆ.

ಆ ಕುದುರೆ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಗೊರಸಿನಿಂದ ಕೊಟ್ಟಿಗೆಯ ನೆಲ ಕೆರೆದು ಗುಂಡಿ ಮಾಡಿತ್ತು. ಕಡಿವಾಣ ತೊಡಿಸಲು ಹೋದರೆ ಮುಂಗಾಲೆತ್ತಿ ನಿಲ್ಲುತ್ತಿತ್ತು. ಕಬ್ಬಿಣ ಬಾಯಿಗೆ ಒತ್ತುತ್ತದೇನೋ ಎಂದು ತಾತ ಅದಕ್ಕೆ ಬಟ್ಟೆ ಸುತ್ತಿದರು, ಬೆಲ್ಲ ಸವರಿದರು. ಏನೂ ನಡೆಯಲಿಲ್ಲ. ಒಂದು ಬೆಳಿಗ್ಗೆ ಅದು ಹಿಂಗಾಲಲ್ಲಿ ಒದ್ದ ಏಟು ತಾತನ ಎಡಮಂಡಿಗೆ ಬಿತ್ತು. ಮಂಡಿ ಊದಿ ಕುಂಬಳಕಾಯಿಯಂತಾಯಿತು. ಆದರೂ ಕೋಲೂರಿಕೊಂಡು ಮತ್ತೆ ಅದರ ಹತ್ತಿರವೇ ಹೋಗುತ್ತಿದ್ದರು. ಇನ್ನೊಂದು ಏಟು ಎದೆಗೆ ಬಿದ್ದರೆ ಗತಿಯೇನು ಎಂದು ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

ನಮ್ಮ ಮನೆಯಲ್ಲೊಂದು ಪದ್ಧತಿ ಇತ್ತು. ಕುದುರೆಯ ಕೊರಳಿಗೆ ಗೆಜ್ಜೆಪಟ್ಟಿ ಕಟ್ಟಿದ ಮೇಲೆಯೇ ಉಳಿದ ಸಾಮಾನು ತೊಡಿಸುವುದು. ಸಾವಿನ ಮನೆಗೆ ಗಾಡಿ ಹೋಗುವಾಗ ಮಾತ್ರ ಗೆಜ್ಜೆ ಬಿಚ್ಚುತ್ತಿದ್ದರು. ಹೀಗಾಗಿ ಈ ಎಳೆಯ ಕುದುರೆಗೂ ಮೊದಲ ದಿನದಿಂದ ಗೆಜ್ಜೆ ಮೊದಲು, ಕಡಿವಾಣ ಆಮೇಲೆ.

ಒಂದು ಮಧ್ಯಾಹ್ನ ಹಿತ್ತಲಲ್ಲಿ ಕೂತು ಗೆಜ್ಜೆಪಟ್ಟಿಯನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದೆ. ಕುದುರೆಯ ಹತ್ತಿರ ಯಾರೂ ಇರಲಿಲ್ಲ, ಬಾಯಲ್ಲಿ ಕಬ್ಬಿಣವೂ ಇರಲಿಲ್ಲ. ಆದರೂ ಹಗ್ಗ ಜಗ್ಗಿ ಕುಣಿಯತೊಡಗಿತು. ಕೈ ನಿಲ್ಲಿಸಿದೆ. ಅದೂ ನಿಂತಿತು. ಮತ್ತೆ ಉಜ್ಜಿದೆ. ಕಿವಿ ಹಿಂದಕ್ಕೆ ಒರಗಿಸಿ ಕಣ್ಣಿನ ಬಿಳಿ ತೋರಿಸಿತು.

ಮಾವನ ಎದುರು ನಾನು ಮಾತಾಡುತ್ತಿರಲಿಲ್ಲ. ಕುದುರೆ ಬೆದರುವುದು ಕಬ್ಬಿಣಕ್ಕಲ್ಲ, ಗೆಜ್ಜೆಯ ಸದ್ದಿಗೆ ಎಂದು ತಾತನಿಗೆ ಹೇಳಿದೆ, ತಾತ ಅವರಿಗೆ ಹೇಳಿದರು. ಮಾವ ಬೀಡಿ ಆರಿಸಿ, "ಗೆಜ್ಜೆ ಬಿಚ್ಚಿ ಹೊಡೆಯಕ್ಕೆ ಇದೇನು ಹೆಣದ ಗಾಡಿಯೇನ್ಲಾ?" ಅಂದರು. ಮಾತು ಅಲ್ಲಿಗೆ ಮುಗಿಯಿತು.

ಬಿಚ್ಚುವಂತಿಲ್ಲ ಅಂದಮೇಲೆ ಅದಕ್ಕೇ ಒಗ್ಗಿಸಬೇಕಲ್ಲ. ಹುರುಳಿ ನೆನೆಸಿ ತಿನ್ನಿಸುವ ಕೆಲಸ ನನ್ನದಾಗಿತ್ತು. ಗೆಜ್ಜೆಪಟ್ಟಿಯನ್ನು ಹುರುಳಿ ಬಕೆಟ್ಟಿನ ಹಿಡಿಗೆ ಸುತ್ತಿದೆ. ಮೊದಲ ದಿನ ಅದು ಬಕೆಟ್ಟಿನ ಹತ್ತಿರವೇ ಬರಲಿಲ್ಲ. ಕುದುರೆಯನ್ನು ಉಪವಾಸ ಸಾಯಿಸುತ್ತಾಳೆ ಎಂದು ಮಾವ ಜಗಲಿಯಿಂದಲೇ ಗೊಣಗಿದರು. ಮಾರನೆಯ ಸಂಜೆ ಕತ್ತು ಚಾಚಿ, ಒಂದು ಬಾಯಿ ಕಿತ್ತುಕೊಂಡು ಹಿಂದಕ್ಕೆ ಹಾರಿತು. ತಾತ ಗೋಡೆಗೆ ಒರಗಿ ನೋಡುತ್ತಿದ್ದವರು ಮೆಲ್ಲಗೆ, "ಇವ್ನೂ ನಿನ್ನಂಗೇ ಕಣೇ. ಹಸ್ದಿದ್ರೂ ಬಾಯ್ಬಿಟ್ಟು ಕೇಳಲ್ಲ" ಅಂದರು.

ದಿನ ಕಳೆದಂತೆ ಅದು ಗೆಜ್ಜೆ ಸುತ್ತಿದ ಬಕೆಟ್ಟಿನಿಂದಲೇ ತಿನ್ನತೊಡಗಿತು. ಕೊನೆಗೆ ಮಾತಾದ ಸಂತೆಯ ದಿನ ಬಂತು. ದಲ್ಲಾಳಿ ಬೆಳಿಗ್ಗೆಯೇ ಹಗ್ಗ ಹೆಗಲಿಗೆ ಹಾಕಿಕೊಂಡು ಬಂದು ಜಗಲಿಯಲ್ಲಿ ಮಾವನ ಪಕ್ಕ ಕೂತ. ತಾತ ಕುಂಟುತ್ತಾ ಗೆಜ್ಜೆಪಟ್ಟಿ ತಂದು ಕುದುರೆಯ ಕೊರಳಿಗೆ ಕಟ್ಟಿದರು. ಅದರ ಮೈ ಪೂರ್ತಿ ಬಿಗಿಯಿತು, ಹಿಂಗಾಲು ಕುಗ್ಗಿದವು. ಬಕೆಟ್ ಹಿಡಿದು ನಾನು ಸರಿಯಾಗಿ ಅದರ ಮುಂದೆ ನಿಂತಿದ್ದೆ. ಮುಂಗಾಲೆತ್ತಿ ಎದ್ದರೆ ನನ್ನ ಮೇಲೆಯೇ ಬೀಳುತ್ತಿತ್ತು.

"ಆಚೆ ಸರ್ಕೋ," ಅಂದರು ತಾತ.

ನಾನು ಸರಿಯಲಿಲ್ಲ. ಒಳಗೆ ಕೂಸು ಅಳುತ್ತಿತ್ತು. ಕುದುರೆ ತಲೆ ಅಲ್ಲಾಡಿಸಿತು, ಗೆಜ್ಜೆ ಝಲ್ ಅಂದಿತು. ಆ ಸದ್ದಿಗೆ ಅದು ಬೆಚ್ಚಿ ಸುತ್ತ ನೋಡಿ, ಬಕೆಟ್ಟು ಕಂಡು, ಮೂತಿ ಇಳಿಸಿತು. ಒಂದು ತುತ್ತು ಅಗಿಯಿತು. ಗೆಜ್ಜೆ ನುಡಿಯಿತು. ಅಗಿಯುವುದು ನಿಲ್ಲಿಸಿ ಕೇಳಿಸಿಕೊಂಡಿತು. ಮತ್ತೆ ಅಗಿಯಿತು.

ಜಗಲಿಯಿಂದ ಮಾವನ ಮಂಜುಗಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಕಿವಿಗೊಟ್ಟು ಕೂತಿದ್ದರು. ತಾತ ಅದೇ ಹೊತ್ತಿಗೆ ಕಡಿವಾಣವನ್ನು ಮೆಲ್ಲಗೆ ಬಾಯಿಗೆ ಸೇರಿಸಿದರು. ಗೆಜ್ಜೆಯ ತಾಳ ತಪ್ಪಲಿಲ್ಲ. ಮಾವ ದಲ್ಲಾಳಿಯ ಕಡೆ ತಿರುಗಿ, "ಕಾಪಿ ಕುಡ್ಕೊಂಡ್ ಬಸ್ಸಿಗೆ ಹೋಗಪ್ಪ. ನಿನ್ ಜೊತೆ ಇದು ಬರಲ್ಲ" ಅಂದರು.

ಆವತ್ತು ಗಾಡಿ ಕಟ್ಟಲಿಲ್ಲ, ಬೀದಿಯ ತುದಿಯವರೆಗೆ ನಡೆಸಿ ತಂದರು ಅಷ್ಟೆ. ಗಾಡಿಗೆ ಒಗ್ಗಲು ರಾಗಿ ಕೊಯ್ಲು ಬರಬೇಕಾಯಿತು. ಆಮೇಲೂ ಲಾರಿ ಹಾರನ್ನಿಗೆ ಬೆದರುತ್ತಿತ್ತು. ಆದರೆ ತಾತ ಮಾತ್ರ ಲಾರಿ ಹತ್ತಲಿಲ್ಲ. ಆಟೋಗಳು ಹೆಚ್ಚಾಗುವವರೆಗೂ ಅದೇ ಕುದುರೆ ನಮ್ಮನ್ನು ಸಾಕಿತು.

ತುಮಕೂರಿಗೆ ಬಂದು ಬಟವಾಡಿಯಲ್ಲಿ ಮನೆ ಮಾಡಿದ ಮೇಲೂ ತಾತ ಆ ಗೆಜ್ಜೆಪಟ್ಟಿಯನ್ನು ಬಾಗಿಲ ಮೊಳೆಗೆ ತೂಗುಹಾಕಿದ್ದರು. ಅವರನ್ನು ಮಸಣಕ್ಕೆ ವ್ಯಾನಿನಲ್ಲಿ ಒಯ್ದ ದಿನ, ಪದ್ಧತಿಯಂತೆ, ನಾನೇ ಅದನ್ನು ಬಿಚ್ಚಿದೆ. ಮತ್ತೆ ಕಟ್ಟಿಲ್ಲ. ಈ ಹಾಳೆಗಳಿಗೆ ಅದನ್ನೇ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದೇನೆ. ತೆಗೆಯುವಾಗ ಸದ್ದಾಗುತ್ತದೆ, ಬೆದರಬೇಡಿ. ಓದಿದ ಮೇಲೆ ಮತ್ತೆ ಹಾಗೇ ಸುತ್ತಿ, ಗೆದ್ದಲು ಹತ್ತದ ಕಡೆ ಜೋಪಾನವಾಗಿ ಇಡಿ.