ಮೂರನೆಯ ಹಗ್ಗ

ರಾಜಾಜಿನಗರಕ್ಕೆ ರಸ್ತೆ ಹಾಕುತ್ತಿದ್ದ ದಿನಗಳವು. ಮೇಲ್ವಿಚಾರಣೆ ನನ್ನದು. ರಸ್ತೆಗೆ ಅಡ್ಡವಾಗಿದ್ದ ಮುದಿ ಹುಣಸೆಮರ ವಾಲಿದ್ದು, ನಾನು ದಿನಾ ಕೈಮುಗಿಯುತ್ತಿದ್ದ ಆಂಜನೇಯನ ಪುಟ್ಟ ಗುಡಿಯ ಕಡೆಗೇ. ಅದನ್ನು ಎದುರಿನ ಬಯಲಿಗೆ ಬೀಳಿಸಬೇಕಿತ್ತು. ಅದಕ್ಕೆಂದು ಮೂಡಲಪಾಳ್ಯದಿಂದ ಮರ ಕಡಿಯುವ ಗಂಗಣ್ಣ ಬಂದಿದ್ದ.

ಅವನು ಬುಡದಲ್ಲಿ ಬಯಲಿನ ಕಡೆಗೆ ಆಳವಾಗಿ ಕಚ್ಚು ಮಾಡಿದ. ಮೇಲಿನ ಕವಲಿಗೆ ಎರಡು ಹಗ್ಗ ಬಿಗಿದು ಆಳುಗಳಿಗೆ ಕೊಟ್ಟ. ಇನ್ನು ಗುಡಿಯ ಕಡೆಯಿಂದ ಗರಗಸ ಹಾಕಿ, ಆ ಸೀಳಿಗೆ ಬೆಣೆ ಹೊಡೆದರೆ ಮರ ಬಯಲಿಗೇ ಬೀಳುತ್ತದಂತೆ.

"ಇನ್ನೊಂದು ಹಗ್ಗ ಇರಲಿ ಗಂಗಣ್ಣ," ಎಂದೆ.

"ಯಾಕ್ ಸ್ವಾಮಿ, ಹನುಮಪ್ಪನ ಮೇಲೆ ನಂಬ್ಕೆ ಇಲ್ವಾ?"

"ಅವನ ಮೇಲಿದೆ. ನಿನ್ನ ಬೆಣೆ ಮೇಲಿಲ್ಲ."

ಗಂಗಣ್ಣ ಹೋಗಿ, ಸೊಪ್ಪಿನ ಮರೆಯಿಂದ ಒಂದು ಹಗ್ಗದ ತುದಿ ತಂದು ನನ್ನ ಕೈಗಿತ್ತ. "ನೀವೇ ಎಳೀರಿ. ದೂರದಲ್ಲೇ ನಿಂತ್ಕೊಳ್ಳಿ."

ಕಣ್ಣು ಮುಚ್ಚಿ, ರಾಮನಾಮ ಹೇಳುತ್ತಾ ಅಂಗೈ ಸುಲಿಯುವ ಹಾಗೆ ಎಳೆದೆ. ನೆಲ ನಡುಗಿತು. ಕಣ್ಣು ಬಿಟ್ಟರೆ ಮರ ಬಯಲಲ್ಲಿ ಮಲಗಿತ್ತು. ಗುಡಿಯೊಳಗಿನ ದೀಪ ಕೂಡ ಆರಿರಲಿಲ್ಲ.

"ನೋಡಿದ್ಯಾ, ಮೂರನೇ ಹಗ್ಗದ ಮಹಿಮೆ," ಎಂದೆ.

"ಮರ ಬಿದ್ದಾಯ್ತು ಸ್ವಾಮಿ, ಇನ್ನಾದ್ರೂ ಬಿಡಿ."

ನನ್ನ ಹಗ್ಗ ಇನ್ನೂ ಬಿಗಿಯಾಗಿಯೇ ಇತ್ತು. ಅದನ್ನೇ ಹಿಡಿದು ಹೋದರೆ, ಅದರ ಇನ್ನೊಂದು ತುದಿ ಗುಡಿಯ ಪಕ್ಕದ ಹೊಂಗೆಮರದ ಬುಡಕ್ಕೆ ಕಟ್ಟಿತ್ತು.

"ಕಣ್ಮುಚ್ಕೊಂಡು ಎಳೆಯೋರ ಕೈಗೆ ಮರ ಕೊಡೋಕಾಗುತ್ತಾ?" ಎಂದ ಗಂಗಣ್ಣ.

ಗುಡಿಯನ್ನು ಕಾಪಾಡಿದ್ದು ರಾಮನಾಮವೇ ಎಂದು ಇಂದಿಗೂ ನಂಬಿದ್ದೇನೆ. ಆ ಹೊಂಗೆಮರವನ್ನು ನನ್ನಿಂದ ಕಾಪಾಡಿದ್ದೂ ಅದೇ ಇರಬೇಕು.