ಎಷ್ಟು ಲಾರಿಗೆ ಎಷ್ಟು ಮುದ್ದೆ

ಯಶವಂತಪುರದ ಮಾರ್ಕೆಟ್ ಯಾರ್ಡಿನಲ್ಲಿ ಇಪ್ಪತ್ತಾರು ವರ್ಷ ಈರುಳ್ಳಿ ಮೂಟೆ ಹೊತ್ತಿದ್ದೇನೆ. ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಅದನ್ನು ಯಾರ ಮುಂದೆಯೂ ಮುಚ್ಚಿಟ್ಟಿಲ್ಲ, ಈಗಲೂ ಮುಚ್ಚಿಡೋದಿಲ್ಲ. ಬರೆಯೋದು ನಿಧಾನ, ಓದೋದು ಅದಕ್ಕಿಂತ ಸ್ವಲ್ಪ ವಾಸಿ. ಆದರೆ ಲಾರಿಯ ಹಿಂದಿನ ಹಲಗೆ ಬಿಚ್ಚಿದ ಕೂಡಲೇ ಒಳಗೆ ಎಷ್ಟು ಮೂಟೆ ಇದೆ, ಎಷ್ಟು ಹೊತ್ತಿಗೆ ಖಾಲಿಯಾಗುತ್ತದೆ ಅಂತ ಕಣ್ಣಲ್ಲೇ ನೋಡಿ ಹೇಳುತ್ತಿದ್ದೆ. ಓದಿದವರು ಯಂತ್ರ ಇಟ್ಟುಕೊಂಡು ಹೇಳೋದನ್ನ ನಾನು ಬೀಡಿ ಹಚ್ಚೋ ಹೊತ್ತಿನಲ್ಲಿ ಹೇಳುತ್ತಿದ್ದೆ.

ಆ ಇಪ್ಪತ್ತಾರು ವರ್ಷದಲ್ಲಿ ನಾನು ಮಧ್ಯಾಹ್ನದ ಊಟ ಒಬ್ಬನೇ ಮಾಡಿದ ದಿನಗಳು ತೀರ ಕಡಿಮೆ. ಜೊತೆಗೆ ಕೂರುತ್ತಿದ್ದವರು ನಮ್ಮ ಗ್ಯಾಂಗಿನವರೇ ಒಬ್ಬರು, ನನಗಿಂತ ಏಳು ವರ್ಷ ದೊಡ್ಡವರು. ನಾನು ಅವರನ್ನ ಭಾಯ್ ಅನ್ನುತ್ತಿದ್ದೆ, ಅವರು ನನ್ನ ತಮ್ಮಾ ಅನ್ನುತ್ತಿದ್ದರು. ಅವರ ಮನೆಮಾತು ಉರ್ದು, ಆದರೆ ಬೈಯೋದೆಲ್ಲ ಕನ್ನಡದಲ್ಲೇ. ಕೇಳಿದರೆ, "ಉರ್ದುನಲ್ಲಿ ಬೈದ್ರೆ ನಿಂಗೆ ಅರ್ಥ ಆಗಲ್ಲ, ಬೈದಿದ್ದು ವೇಸ್ಟ್ ಆಗುತ್ತೆ" ಅನ್ನುತ್ತಿದ್ದರು.

ಗೋಡೌನಿನ ಹಿಂದುಗಡೆ ನಮ್ಮದೊಂದು ಸೀಮೆಎಣ್ಣೆ ಸ್ಟೌ, ಒಂದು ಅಲ್ಯೂಮಿನಿಯಂ ಪಾತ್ರೆ ಇತ್ತು. ಮಸಾಲೆ ಅರೆಯೋದಕ್ಕೆ ಯಾರೋ ಮನೆ ಕಟ್ಟಿ ಉಳಿಸಿದ ಗ್ರಾನೈಟ್ ತುಂಡು, ಮೇಲೊಂದು ಗುಂಡುಕಲ್ಲು. ಬೆಳಗ್ಗೆ ಬಂದ ಕೂಡಲೇ ಭಾಯ್ ಹಳೇ ಬಿಸ್ಕತ್ ಡಬ್ಬಿಯಲ್ಲಿ ಹುರುಳಿಕಾಳು ನೆನೆಸುತ್ತಿದ್ದರು. ಗೇಟಿನ ಹತ್ತಿರ ಸೊಪ್ಪು ಮಾರುವ ಹೆಂಗಸರು ವ್ಯಾಪಾರ ಮುಗಿಸಿ ಏಳುವಾಗ ಬಾಡಿದ ಎರಡು ಕಟ್ಟು ದಂಟು, ಒಂದಿಷ್ಟು ಸಬ್ಬಸಿಗೆ ಕೊಟ್ಟು ಹೋಗುತ್ತಿದ್ದರು. ಕಾಳು, ಸೊಪ್ಪು ಒಟ್ಟಿಗೆ ಬೆಂದ ಮೇಲೆ ಕಟ್ಟು ಬಸಿದು, ಅದಕ್ಕೆ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಅರೆದು ಹಾಕಿದರೆ ಬಸ್ಸಾರು. ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಎಣ್ಣೆಯನ್ನ ಬಾಟಲಿಯ ಮುಚ್ಚಳದಲ್ಲೇ ಅಳೆಯುತ್ತಿದ್ದರು. ಎರಡಕ್ಕೂ ಸೇರಿ ಒಂದೇ ಮುಚ್ಚಳ. ರಾಗಿಹಿಟ್ಟು ನಮ್ಮ ಮನೆಯದು. ಮುದ್ದೆ ತಿರುವೋದನ್ನ ನಾನೇ ಅವರಿಗೆ ಕಲಿಸಿದ್ದು, ಮೂರೇ ತಿಂಗಳಿಗೆ ನನಗಿಂತ ಚೆನ್ನಾಗಿ ತಿರುವಿದರು. ಗಂಟಿಲ್ಲ, ಒಡಕಿಲ್ಲ. ನನಗೆ ಸಿಟ್ಟು ಬಂದಿತ್ತು.

ಎಸರಿಗೆ ಹಿಟ್ಟು ಹಾಕೋ ಮುಂಚೆ ಅವರದೊಂದು ಪದ್ಧತಿ ಇತ್ತು. ಮುದ್ದೆಕೋಲು ಕೈಯಲ್ಲೇ ಹಿಡಿದು ಎದ್ದು ಗೋಡೌನಿನ ಮೂಲೆಯಿಂದ ಯಾರ್ಡಿನ ಕಡೆ ಒಂದು ಸಲ ಇಣುಕೋದು. ಮಧ್ಯಾಹ್ನಕ್ಕೆ ಎಷ್ಟು ಲಾರಿ ನಿಂತಿದೆ ಅಂತ ನೋಡಿಕೊಂಡು ಬಂದು ಮುದ್ದೆ ಕಟ್ಟೋದು. ನಾಲ್ಕು ಲಾರಿ ಇದ್ದರೆ ಮುದ್ದೆ ತೆಂಗಿನಕಾಯಿಯಷ್ಟು. ಒಂದೇ ಲಾರಿ ಇದ್ದರೆ ಕಿತ್ತಳೆಹಣ್ಣಿನಷ್ಟು, ಪಲ್ಯ ಮಾತ್ರ ತಟ್ಟೆ ತುಂಬಾ. ಲಾರಿಯೇ ಇಲ್ಲದ ದಿನ ಮುದ್ದೆಯೂ ಇಲ್ಲ. ಸೊಪ್ಪು, ಕಾಳು, ಒಂದು ಲೋಟ ಬಸ್ಸಾರು, ಮೇಲೆ ಮಜ್ಜಿಗೆ.

"ಹೊಟ್ಟೆಗೇನ್ ಗೊತ್ತು ಭಾಯ್, ಲಾರಿ ಎಷ್ಟು ಅಂತ?" ಅಂತ ನಾನು ಮುಖ ಊದಿಸಿಕೊಳ್ಳುತ್ತಿದ್ದೆ.

"ಹೊಟ್ಟೆಗೆ ಗೊತ್ತಿಲ್ಲ ಕಣೋ. ಅದಕ್ಕೇ ಕಣ್ಣಿರೋನು ಹೋಗಿ ನೋಡ್ಕೊಂಡ್ ಬರ್ಬೇಕು."

ರಂಜಾನ್ ತಿಂಗಳಲ್ಲೂ ಅವರೇ ಅಡುಗೆ ಮಾಡುತ್ತಿದ್ದರು, ನನಗೊಬ್ಬನಿಗೆ. ಬೇಡ ಅಂದರೆ ಕೇಳುತ್ತಿರಲಿಲ್ಲ. "ಉಪ್ಪು ನೋಡಿಲ್ಲಪ್ಪ, ಹೆಚ್ಚುಕಮ್ಮಿ ಆಗಿದ್ರೆ ಬಾಯ್ಮುಚ್ಕೊಂಡು ತಿನ್ನು" ಅನ್ನುತ್ತಿದ್ದರು. ಉಪವಾಸ ಇರೋರ ಮುಂದೆ ತಿನ್ನೋದು ಹೇಗೆ ಅಂತ ನಾನು ತಟ್ಟೆ ಹಿಡಿದು ಮೂಟೆಗಳ ಹಿಂದೆ ಹೋದರೆ ಅಲ್ಲಿಗೂ ಬರುತ್ತಿದ್ದರು. "ಕಳ್ಳಬೆಕ್ಕಿನ ಥರ ಯಾಕೋ ತಿಂತೀಯ? ಎದುರಿಗೆ ಕೂತ್ಕೊ. ನೀನು ತಿನ್ನೋದು ನೋಡಿದ್ರೆ ನಂಗೆ ಟೈಮ್ ಹೋಗುತ್ತೆ." ಈರುಳ್ಳಿ ಸಿಪ್ಪೆ ಗಾಳಿಗೆ ಹಾರಿ ಸಾರಿಗೆ ಬೀಳುತ್ತಿತ್ತು. ಬೆರಳಲ್ಲಿ ತೆಗೆದು ಹಾಕಿ ಉಣ್ಣುತ್ತಿದ್ದೆ. ಈಗ ನನ್ನ ಮನೆಯ ಸಾರಿನಲ್ಲಿ ಯಾವ ಸಿಪ್ಪೆಯೂ ಇಲ್ಲ, ಊಟ ಮಾತ್ರ ಏನೋ ಕಮ್ಮಿ ಅನ್ನಿಸುತ್ತದೆ.

ಬೆನ್ನು ನೋವು ಜಾಸ್ತಿಯಾಗಿ ಭಾಯ್ ಕೆಲಸ ಬಿಟ್ಟರು. ಅದೇ ವರ್ಷ ನಾನು ಗ್ಯಾಂಗಿನ ಮೇಸ್ತ್ರಿಯಾದೆ. ಮೇಸ್ತ್ರಿ ಹೊರೋದಿಲ್ಲ, ಹೊರಿಸುತ್ತಾನೆ. ಪ್ಲಾಸ್ಟಿಕ್ ಕುರ್ಚಿ ಬಂತು. ಯಾರ್ಡಿನಲ್ಲಿ ಸ್ಟೌ ಹಚ್ಚಬಾರದು ಅಂತಲೂ ಆಯಿತು. ಬೆಳಗ್ಗೆ ಹೋಟೆಲಿನಲ್ಲಿ ಎರಡು ಮಸಾಲೆದೋಸೆ, ಮಧ್ಯಾಹ್ನ ಪಾರ್ಸೆಲ್ ಬಿರಿಯಾನಿ, ಚಿಕ್ಕಬಾಣಾವರದ ಮನೆಗೆ ಬಂದರೆ ಎರಡು ಮುದ್ದೆ, ಮೇಲೆ ಅನ್ನ. ಹೆಂಡತಿ ಸ್ವಲ್ಪ ಕಡಿಮೆ ಬಡಿಸಿದರೆ, "ದುಡಿಯೋ ಗಂಡಸಿಗೆ ಇಷ್ಟೇನಾ?" ಅಂತ ರೇಗುತ್ತಿದ್ದೆ. ಕುರ್ಚಿಯಲ್ಲಿ ಕೂತವನು ನಾಲ್ಕು ಲಾರಿಯ ಊಟ ಮಾಡುತ್ತಿದ್ದೆ. ಅದು ನನಗೆ ಹೊಳೆಯಲೇ ಇಲ್ಲ. ಮೂಟೆಯಲ್ಲಿ ಹೆಚ್ಚುಕಡಿಮೆ ಕಂಡ ತಕ್ಷಣ ಹಿಡಿಯೋ ಕಣ್ಣು, ನನ್ನ ಪ್ಯಾಂಟು ಬಿಗಿಯಾಗಿ ಮೂರು ಸಲ ಬದಲಾದಾಗ ದರ್ಜಿಯದೇ ತಪ್ಪು ಅಂತ ನಂಬಿತ್ತು.

ಎರಡು ವರ್ಷದ ಹಿಂದೆ ಭಾಯ್ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಮಗ ಆರ್.ಟಿ. ನಗರದಲ್ಲಿ ಮೂರನೇ ಮಹಡಿಯ ಮನೆ ಮಾಡಿ ಕರೆದುಕೊಂಡು ಹೋದ. ಲಿಫ್ಟ್ ಇಲ್ಲ. ಭಾಯ್ ಇನ್ನು ಕೆಳಗೆ ಬರೋ ಹಾಗಿಲ್ಲ. ನೋಡಬೇಕು ಅಂದರೆ ನಾನೇ ಹತ್ತಬೇಕು.

ಒಂದು ಭಾನುವಾರ ಮೂಸಂಬಿ ತಗೊಂಡು ಹೋದೆ. ಮೊದಲ ಮಹಡಿ ತಲುಪೋವಷ್ಟರಲ್ಲಿ ಎರಡೂ ಮೊಣಕಾಲು ಬೆಂಕಿ ಹೊತ್ತಿಕೊಂಡ ಹಾಗಾಯಿತು, ಉಸಿರು ಬಾಯಿಗೆ ಬಂತು. ಮೆಟ್ಟಿಲ ಮೇಲೆ ಕೂತೆ. ಪಕ್ಕದ ಮನೆಯ ಹೆಂಗಸು ಬಾಗಿಲು ತೆಗೆದು, "ಅಂಕಲ್, ನೀರು ಕೊಡ್ಲಾ?" ಅಂದಳು. ಮೂಟೆ ಹೊತ್ತು ಲಾರಿ ಮೇಲೆ ಓಡಿ ಹತ್ತುತ್ತಿದ್ದವನು ನಾನು. ಹಣ್ಣಿನ ಚೀಲ ಅವಳ ಕೈಗೆ ಕೊಟ್ಟು, ಮೂರನೇ ಮಹಡಿಯ ಮನೆಗೆ ಕೊಡಮ್ಮ ಅಂತ ಹೇಳಿ ಇಳಿದು ಬಂದೆ. ಸ್ಕೂಟರ್ ಮೇಲೆ ಬಹಳ ಹೊತ್ತು ಸುಮ್ಮನೆ ಕೂತಿದ್ದು ಆಮೇಲೆ ಫೋನ್ ಮಾಡಿದೆ.

"ಭಾಯ್, ಅರ್ಜೆಂಟ್ ಲೋಡ್ ಬಂತು, ಹಣ್ಣು ಕೊಟ್ಟು ಕೆಳಗಿಂದಲೇ ವಾಪಸ್ ಹೋಗ್ತಿದೀನಿ."

"ಸರಿ ಬಿಡು ತಮ್ಮಾ. ಲಾರಿ ಬಂದ್ರೆ ಬಿಡಕ್ಕಾಗುತ್ತಾ?"

ಅವತ್ತೇ ಮಗಳ ಹತ್ತಿರ ಹೋಗಿ ತೂಕ ಇಳಿಸಬೇಕು ಅಂದೆ. ಅವಳು ನನ್ನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಳು. ತಿಂದಿದ್ದನ್ನೆಲ್ಲ ಬರೆದರೆ ಕ್ಯಾಲೊರಿ ತೋರಿಸುತ್ತದೆ. ನಾನು ಹಿಡಿದ ಕೆಲಸ ಬಿಡೋನಲ್ಲ. ಅಡುಗೆಮನೆಗೆ ಪುಟ್ಟ ತಕ್ಕಡಿ ತಂದೆ. ಅನ್ನ ತೂಗಿದೆ, ಬೇಳೆ ತೂಗಿದೆ, ಇಡ್ಲಿ ತೂಗಿದೆ. ತಟ್ಟೆ ಸಮೇತ ಇಟ್ಟು ತಟ್ಟೆಯ ತೂಕ ಕಳೆದೆ, ನಾವು ಮೂಟೆ ತೂಗಿ ಗೋಣಿಯ ತೂಕ ಕಳೀತೀವಲ್ಲ, ಹಾಗೆ. ಯಾರ್ಡಿಗೆ ಹೋದ ಕೂಡಲೇ ಈರುಳ್ಳಿ ತೂಗೋ ಯಂತ್ರದ ಮೇಲೆ ನಾನೇ ಹತ್ತಿ ನಿಲ್ಲುತ್ತಿದ್ದೆ, ದಿನಕ್ಕೆ ಮೂರು ಸಲ. ಗ್ಯಾಂಗಿನ ಹುಡುಗರು ಬಿಡುತ್ತಾರಾ?

"ಗುರು, ಮೇಸ್ತ್ರಿ ಬಟ್ಟೆ ತೂಕ ಕಳೀರೋ!"

"ಕಳೆದ್ರೂ ಎರಡು ಮೂಟೆ ಬರುತ್ತೆ ಮಗಾ. ಫಸ್ಟ್ ಕ್ವಾಲಿಟಿ."

ಒಂದು ತಿಂಗಳಲ್ಲಿ ಐದು ಕೆಜಿ ಇಳಿದೆ. ಇಳಿದವನು ಮನುಷ್ಯನಾಗಿ ಉಳಿದಿರಲಿಲ್ಲ. ಹೆಂಡತಿ ಸಾರಿಗೆ ಅರ್ಧ ಚಮಚ ಎಣ್ಣೆ ಜಾಸ್ತಿ ಹಾಕಿದಳು ಅಂತ ತಟ್ಟೆ ತಳ್ಳಿದೆ. "ಇನ್ಮೇಲೆ ಆ ಫೋನಿಗೇ ಅಡುಗೆ ಮಾಡೋಕೆ ಹೇಳಿ" ಅಂದು ಅವಳು ಎದ್ದು ಹೋದಳು. ಆಮೇಲೆ ಒಂದು ನಾಮಕರಣದ ಊಟ. ಮೊದಲನೇ ಹೋಳಿಗೆಗೆ ಲೆಕ್ಕ ಬರೆದೆ, ಎರಡನೆಯದಕ್ಕೂ ಬರೆದೆ, ಮೂರನೆಯದು ಎಲೆಗೆ ಬಿದ್ದಾಗ ಫೋನ್ ಜೇಬಿಗೆ ಹಾಕಿದೆ. ಎರಡು ತಿಂಗಳಲ್ಲಿ ಐದು ಹೋಗಿದ್ದು ಏಳಾಗಿ ಬಂತು.

ಭಾಯ್ ಮಾತ್ರ ವಾರಕ್ಕೊಮ್ಮೆ ಫೋನ್ ಮಾಡೋದನ್ನ ಬಿಟ್ಟಿರಲಿಲ್ಲ. ಕೆಲಸ ಬಿಟ್ಟು ಅಷ್ಟು ವರ್ಷ ಆದರೂ ಮೊದಲ ಮಾತು ಅದೇ: "ಇವತ್ತು ಎಷ್ಟು ಲಾರಿ?" ಅವತ್ತೂ ಕೇಳಿದರು. ನಾನು ಕುರ್ಚಿಯಲ್ಲಿ ಬಿರಿಯಾನಿ ಪೊಟ್ಟಣ ಬಿಚ್ಚಿಕೊಂಡು ಕೂತಿದ್ದೆ.

"ಐದು ಭಾಯ್."

"ಅಬ್ಬಾ, ಐದಾ! ನೀನೆಷ್ಟು ಇಳಿಸ್ದೆ?"

"ನಾನಾ? ನಾನೆಲ್ಲಿ ಇಳಿಸ್ಲಿ ಭಾಯ್. ನಾನು ಮೇಸ್ತ್ರಿ ಅಲ್ವಾ."

"ಹೌದಲ್ಲ, ಮರೆತೇ ಹೋಗುತ್ತೆ ನಂಗೆ. ಊಟ ಆಯ್ತಾ? ಏನ್ ತಿಂದೆ?"

ಚುಚ್ಚಿ ಕೇಳಿದ್ದಲ್ಲ ಅದು. ಹಾಸಿಗೆಯಲ್ಲಿ ಮಲಗಿದವರು ಮಾತು ಮುಂದುವರಿಸಲಿಕ್ಕೆ ಕೇಳಿದ್ದು. ನಾನು ಕೆಳಗೆ ನೋಡಿದೆ. ಪೊಟ್ಟಣದಲ್ಲಿ ಇಬ್ಬರಿಗಾಗುವಷ್ಟು ಅನ್ನ, ಮೇಲೆ ಎಣ್ಣೆ ಹೊಳೀತಿತ್ತು. ಮುದ್ದೆಕೋಲು ಹಿಡಿದು ಗೋಡೌನಿನ ಮೂಲೆಯಿಂದ ಇಣುಕೋ ಆ ತಲೆ ಕಣ್ಣಿಗೆ ಬಂತು. ಇಪ್ಪತ್ತಾರು ವರ್ಷ ದಿನಾ ನನ್ನ ಎದುರಿಗೇ ನಡೆದದ್ದನ್ನ ನಾನು ಜಿಪುಣತನ ಅಂತ ಬೈದುಕೊಂಡು ಉಂಡಿದ್ದೆ. ಫೋನ್ ಇಟ್ಟ ಮೇಲೆ ಪೊಟ್ಟಣವನ್ನ ಐದು ಲಾರಿ ಇಳಿಸಿದವರಲ್ಲಿ ಒಬ್ಬನಿಗೆ ಕೊಟ್ಟೆ.

ಮನೆಗೆ ಹೋಗುವಾಗ ಎರಡು ಕಟ್ಟು ದಂಟು, ಅರ್ಧ ಕೆಜಿ ಹುರುಳಿಕಾಳು ತಗೊಂಡು ಹೋದೆ. ನಾಳೆಯಿಂದ ನನ್ನ ಬುತ್ತಿ ನಾನೇ ಮಾಡಿಕೊಳ್ಳುತ್ತೇನೆ ಅಂದೆ. ಹೆಂಡತಿ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಈ ಸಲ ಸೊಪ್ಪಿನ ಎಲೆ ಒಂದೊಂದಾಗಿ ತೂಗ್ತೀರೋ ಹೆಂಗೆ?" ತಕ್ಕಡಿಯನ್ನ ಅಟ್ಟದ ಮೇಲೆ ಹಾಕಿದೆ. ಆ್ಯಪನ್ನ ಮಗಳ ಕೈಯಲ್ಲಿ ತೆಗೆಸಿದೆ.

ಮೊದಲ ದಿನ ಕಾಳು ಬೇಯಲಿಲ್ಲ, ಎರಡನೇ ದಿನ ಬಸಿಯೋವಾಗ ಕೈ ಸುಟ್ಟುಕೊಂಡೆ. ಹೋಗ್ತಾ ಹೋಗ್ತಾ ಕೈಗೆ ಹತ್ತಿತು. ಹಿಂದಿನ ದಿನ ಸಂಜೆಯೇ ಕಾಳು ನೆನೆಸೋದು, ಎಣ್ಣೆ ಒಂದೇ ಮುಚ್ಚಳ, ಮೊದಲು ಸೊಪ್ಪು ಕಾಳು ತಿಂದು ಆಮೇಲೆ ಮುದ್ದೆ ಮುರಿಯೋದು. ಕಟ್ಟೋ ಮುಂಚೆ, ಇವತ್ತು ನಾನು ಮಾಡೋ ಕೆಲಸ ಎಷ್ಟು ಅಂತ ನನ್ನನ್ನೇ ಕೇಳಿಕೊಳ್ಳೋದು. ಕೂತಿರೋ ದಿನ ಕಿತ್ತಳೆಹಣ್ಣಿನಷ್ಟು. ಹುಡುಗರು ಕಡಿಮೆ ಬಂದು ನಾನೂ ಹೆಗಲು ಕೊಟ್ಟ ದಿನ ಸ್ವಲ್ಪ ದೊಡ್ಡದು. ಹಬ್ಬಕ್ಕೆ ಹೋಳಿಗೆ ತಿಂದೆ, ಎರಡು ತಿಂದೆ, ಮಾರನೇ ದಿನ ಮತ್ತೆ ಬಸ್ಸಾರು. ಹೆಂಡತಿಯೂ ಅದನ್ನೇ ಉಣ್ಣುತ್ತಿದ್ದಳು, ಒಬ್ಬೊಬ್ಬರಿಗೆ ಒಂದೊಂದು ಅಡುಗೆ ಇರಲಿಲ್ಲ. ಹಸಿವಂತೂ ಆಗಲಿಲ್ಲ. ಆದದ್ದು ಬೇರೆ. ಊಟಕ್ಕೆ ಕೂತ ತಕ್ಷಣ ಎದುರಿಗೆ ಯಾರೋ ಇರಬೇಕಿತ್ತು ಅನ್ನೋದು.

ತೂಕದ ಯಂತ್ರ ಹತ್ತಲಿಲ್ಲ. ದಿನಾ ಚಿಕ್ಕಬಾಣಾವರದಿಂದ ರೈಲಲ್ಲಿ ಬಂದು, ಸ್ಟೇಷನ್ನಿನಿಂದ ಯಾರ್ಡಿಗೆ ಆಟೋ ಬಿಟ್ಟು ನಡೆದೆ. ಯಶವಂತಪುರ ಸ್ಟೇಷನ್ನಿನ ಮೇಲ್ಸೇತುವೆ ಹತ್ತೋವಾಗ ಶುರುವಿನಲ್ಲಿ ನಾಲ್ಕು ಕಡೆ ನಿಲ್ಲುತ್ತಿದ್ದೆ. ದೀಪಾವಳಿ ಹೊತ್ತಿಗೆ ಎರಡು ಕಡೆ. ಯುಗಾದಿ ಕಳೆದು ಒಂದು ದಿನ ಮೇಲೆ ಹೋಗಿ ನಿಂತ ಮೇಲೆ, ಎಲ್ಲೂ ನಿಲ್ಲಲಿಲ್ಲವಲ್ಲ ಅಂತ ಗೊತ್ತಾಯಿತು. ಹಿಂದಿನಿಂದ ಬರುತ್ತಿದ್ದ ಒಬ್ಬ, "ಸೈಡ್ ಬಿಡಿ ಯಜಮಾನ್ರೇ" ಅಂತ ಗದರಿಸಿಕೊಂಡು ಹೋದ. ನಾನು ನಗುತ್ತಾ ನಿಂತಿದ್ದೆ.

ಆ ಭಾನುವಾರ ಬೆಳಗ್ಗೆ ಎದ್ದು ಬಸ್ಸಾರು ಮಾಡಿದೆ. ಮುದ್ದೆ ಎರಡು ಕಟ್ಟಿ ಬಿಸಿ ಆರದ ಹಾಗೆ ಬಟ್ಟೆ ಸುತ್ತಿದೆ. ಡಬ್ಬಿ ಹಿಡಿದು ಆರ್.ಟಿ. ನಗರದ ಆ ಮೆಟ್ಟಿಲ ಮುಂದೆ ನಿಂತು, ಲಾರಿ ನೋಡೋ ಹಾಗೆ ಕಣ್ಣಲ್ಲೇ ಮೇಲಿನವರೆಗೆ ಅಳೆದೆ. ಮೊದಲ ಮಹಡಿ ದಾಟಿದೆ. ಎರಡನೆಯದರಲ್ಲಿ ಗೋಡೆಗೆ ಒರಗಿ ಸುಧಾರಿಸಿಕೊಂಡೆ, ಕೂರಲಿಲ್ಲ. ಮೂರನೆಯದರಲ್ಲಿ ಭಾಯ್ ಹೆಂಡತಿ, ನಮ್ಮ ಭಾಬಿ, ಬಾಗಿಲು ತೆಗೆದೇ ನಿಂತಿದ್ದರು.

ಭಾಯ್ ದಿಂಬಿಗೆ ಒರಗಿ ಕೂತಿದ್ದರು. ಆ ಹೆಗಲು ಎಲ್ಲಿ ಹೋಯಿತೋ. ಬನಿಯನ್ನಿನ ಒಳಗೆ ಮೂಳೆ ಕಾಣುತ್ತಿತ್ತು. ನನ್ನ ಮೇಲಿಂದ ಕೆಳಗೆ ನೋಡಿದರು.

"ಲೋಡ್ ಇಳಿಸಿ ಮುಗೀತೇನೋ? ಒಂದೂವರೆ ವರ್ಷದ ಲೋಡು!"

ನಾನು ತಲೆ ತಗ್ಗಿಸಿದೆ.

"ಅವತ್ತು ಇವಳು ಬಾಲ್ಕನಿಯಿಂದ ನೋಡಿದ್ಳು ಕಣೋ. ನೀನು ಸ್ಕೂಟರ್ ಮೇಲೆ ಕೂತಿದ್ದೆ. ಕರೀಲಾ ಅಂದ್ಳು. ನಾನೇ ಬೇಡ ಅಂದೆ. ಮೇಲೆ ಬರೋಕೆ ಆಗ್ತಿಲ್ಲ ಅಂತ ನಿನ್ ಬಾಯಲ್ಲಿ ಹೇಳಿಸ್ಬೇಕಾ ನಾನು?"

ಭಾಬಿ ತಟ್ಟೆ ತಂದರು. ಡಬ್ಬಿ ಬಿಚ್ಚಿದೆ. ಭಾಯ್ ಬೆರಳಲ್ಲಿ ಸಾರು ನೆಕ್ಕಿ ಕಣ್ಣು ಮುಚ್ಚಿದರು. "ಉಪ್ಪು ಕಮ್ಮಿ" ಅಂದರು. ಆಮೇಲೆ, "ಇರ್ಲಿ ಬಿಡು, ನಾನೂ ನಿಂಗೆ ಎಷ್ಟೋ ಸಲ ಹಂಗೇ ಹಾಕಿದೀನಿ." ಅವರಿಗೆ ನಿಂಬೆಹಣ್ಣಿನಷ್ಟು ಮುದ್ದೆ ಸಾಕಾಯಿತು. ನಾನು ನನ್ನ ಕಿತ್ತಳೆಯಷ್ಟು ತಿಂದು ಕೈ ಎಳೆದುಕೊಂಡೆ. ಅವರು ಉಳಿದದ್ದರಲ್ಲಿ ಒಂದು ತುಂಡು ಮುರಿದು ನನ್ನ ತಟ್ಟೆಗೆ ಹಾಕಿದರು.

"ತಿನ್ನೋ. ಇವತ್ತು ಮೂರು ಮಹಡಿ ಹತ್ತಿದೀಯ."

ಆ ತುಂಡನ್ನ ಸಾರಿಗೆ ಅದ್ದಿ ತಿಂದೆ. ಗೋಡೌನಿನ ಹಿಂದುಗಡೆ ಈಗ ಕಬ್ಬಿಣದ ಬೇಲಿ ಹಾಕಿದ್ದಾರೆ, ಆ ಕಲ್ಲು ಯಾರ ಪಾಲಾಯಿತೋ ಗೊತ್ತಿಲ್ಲ. ಇನ್ನೊಂದು ಸಲ ಅಲ್ಲಿ ಇಬ್ಬರೂ ಕೂರೋದಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು. ಈರುಳ್ಳಿ ರೇಟು, ಹುಡುಗರ ಸೋಮಾರಿತನ, ಅದನ್ನೇ ಮಾತಾಡಿದೆವು.

ಹೊರಡುವಾಗ ಭಾಬಿ ತೊಳೆದು ತಂದ ಡಬ್ಬಿಯನ್ನ ಭಾಯ್ ತಗೊಂಡು ತಮ್ಮ ದಿಂಬಿನ ಪಕ್ಕಕ್ಕೆ ಇಟ್ಟುಕೊಂಡರು.

"ಇದು ಇಲ್ಲೇ ಇರ್ಲಿ."

"ನಾಳೆ ಯಾರ್ಡಿಗೆ ಬುತ್ತಿ ಬೇಕಲ್ಲ ಭಾಯ್."

"ಬೇರೆ ಡಬ್ಬೀಲಿ ಕಟ್ಕೊ. ಇದು ಬೇಕಂದ್ರೆ ಬಂದು ತಗೊಂಡ್ ಹೋಗು."

ಹತ್ತೋದಕ್ಕಿಂತ ಇಳಿಯೋದೇ ಮೊಣಕಾಲಿಗೆ ಜಾಸ್ತಿ ನೋವು. ಕಂಬಿ ಹಿಡಿದು ನಿಧಾನ ಇಳಿದೆ. ಮನೆಗೆ ಬಂದರೆ ಹೆಂಡತಿ ಮೊದಲು ನೋಡಿದ್ದು ನನ್ನ ಕೈಯನ್ನ.

"ಡಬ್ಬಿ ಎಲ್ರೀ?"

"ಮೇಲಿದೆ" ಅಂದೆ. "ಮುಂದಿನ ಭಾನುವಾರ ತರ್ತೀನಿ. ಒಂದಿಷ್ಟು ಹುರುಳಿಕಾಳು ಜಾಸ್ತಿ ನೆನೆಸ್ಬೇಕು."